ಟಕ್ ಟಕ್ ಮೇಷ್ಟ್ರು

ಶಿಡ್ಲಘಟ್ಟದಲ್ಲಿ ಕಿವಿಗೆ ಬೆಲೆಯಿದೆ. ರೇಷ್ಮೆಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗಿನ ಹುಳು ಕೋಶವಾಯಿತೋ ಇಲ್ಲವೋ ಹೇಳಿಬಿಡುವವರ ಊರು ಇದು. ನಮ್ಮ ಬೀದಿಯ ನಿವೃತ್ತ ಗಣಿತದ ಮೇಷ್ಟ್ರು ಮಾತ್ರ ತಮ್ಮ ಕಿವಿಯನ್ನು ಮಾರುತಿ 800ರ ಮುಂದಿನ ಎಡಚಕ್ರಕ್ಕೆ ಮುಡಿಪಿಟ್ಟಿದ್ದಾರೆ.

ಇಂಥವರು ಚಿಂತಾಮಣಿಯಲ್ಲೂ ಸಿಗುತ್ತಾರೆ, ಚಿಕ್ಕಬಳ್ಳಾಪುರದಲ್ಲೂ ಸಿಗುತ್ತಾರೆ. ಭಾನುವಾರ ಬೆಳಿಗ್ಗೆ ಕಾರಿನಡಿಯಿಂದ ಎರಡು ಕಾಲು ಆಚೆ ಬಂದಿದ್ದರೆ ಅವರೇ. ‘ಕಾಫಿ ಆಯ್ತಾ ಸಾರ್?’ ಎಂದರೆ ಹೆಬ್ಬೆರಳು ಅಲ್ಲಾಡುತ್ತದೆ. ಗರಾಜಿಗೆ ಬಿಡಬಾರದೇ ಎಂದು ಕೇಳಿದಿರೋ, ಕೆಟ್ಟಿರಿ. ‘ಮುದ್ದೇನಹಳ್ಳಿ ಇಲ್ಲಿಂದ ಎಷ್ಟು ದೂರ ಸ್ವಾಮಿ?’ ಎಂಬ ಪ್ರಶ್ನೆ ಬರುತ್ತದೆ. ಆ ಊರಿನ ವಿಶ್ವೇಶ್ವರಯ್ಯನವರು ರೈಲಿನ ಸದ್ದು ಬದಲಾದದ್ದನ್ನು ಕೇಳಿಯೇ ಮುಂದೆ ಹಳಿ ಮುರಿದಿದೆ ಎಂದು ತಿಳಿದು ಸರಪಳಿ ಎಳೆದರಂತೆ. ಊರೆಲ್ಲ ಅದನ್ನು ಕಥೆಯಾಗಿ ಹೇಳುತ್ತದೆ. ಮೇಷ್ಟ್ರು ತಮ್ಮ ಹೆಸರಿಗಾದ ಖಾತೆಯಂತೆ ಹೇಳುತ್ತಾರೆ.

ಗೌರಿಬಿದನೂರಿನ ಹತ್ತಿರ 1976ರಿಂದ ಒಂದು ರೇಡಿಯೋ ದೂರದರ್ಶಕವಿದೆ. ಸಾವಿರ ಆಂಟೆನಾಗಳನ್ನು ಬಯಲಲ್ಲಿ ಸಾಲಾಗಿ ನಿಲ್ಲಿಸಿ, ಸುಮಾರು 15 ಕೋಟಿ ಕಿಲೋಮೀಟರ್ ಆಚೆಯ ಸೂರ್ಯ ಏನು ಗೊಣಗುತ್ತಾನೆಂದು ಅಲ್ಲಿ ಆಲಿಸಿದ್ದಾರೆ. ‘ಅವರಿಗೆ ಸಾವಿರ ಆಂಟೆನಾ, ನನಗೆ ಆರು’ ಎನ್ನುತ್ತಾರೆ ಮೇಷ್ಟ್ರು. ಆರು ಎಂದರೆ ಅವರ ಜಗಲಿಗೆ ಸಂಜೆ ಲೆಕ್ಕ ಕಲಿಯಲು ಬರುವ ಮಕ್ಕಳು. ಸದ್ದು ಹಿಡಿಯಲು ಕಾರಿನಲ್ಲಿ ಮುಂದೊಬ್ಬ, ಹಿಂದೆ ನಾಲ್ವರು, ಡಿಕ್ಕಿಯಲ್ಲಿ ಎಲ್ಲರಿಗಿಂತ ಚಿಕ್ಕವನು. ಒಬ್ಬೊಬ್ಬರ ಕೈಯಲ್ಲೂ ನೋಟ್‌ಬುಕ್ಕು: ಹಂಪ್‌ಗೆ ಟಕ್, ಗುಂಡಿಗೆ ಧಡ್, ತಿರುವಿಗೆ ಕಿರ್.

ಚಿಂತಾಮಣಿಯ ಮದುವೆಗೆ ಹೊರಟಾಗಲೂ ದಾರಿಯ ಒಂದೇ ಹಂಪನ್ನು ನಾಲ್ಕು ಸಲ ಹತ್ತಿಸಿ ಇಳಿಸಿದರು. ‘ಎಡಗಡೆ ಟಕ್ ಅಂತು, ಕೇಳಿಸ್ತಾ?’ ಎಂದು ಹೆಂಡತಿಯನ್ನು ಕೇಳಿದರು. ‘ಇಲ್ಲ ರೀ. ನನಗೆ ಇಲ್ಲಿಂದಲೇ ಗಟ್ಟಿಮೇಳ ಕೇಳಿಸ್ತಿದೆ’ ಎಂದರು ಆಕೆ.

ಹಾಗೆಂದು ಮೇಷ್ಟ್ರು ಬರೀ ಬಾಯಿಮಾತಿನವರಲ್ಲ. ‘ಒತ್ತು, ಬಿಡು!’ ಎಂದು ಬಾನೆಟ್ಟಿನ ಮೂಲೆಯನ್ನು ಮಕ್ಕಳ ಕೈಲಿ ಅದುಮಿಸಿದರು. ಒಮ್ಮೆ ಎದ್ದು ನಿಂತರೆ ಶಾಕ್ ಅಬ್ಸಾರ್ಬರ್ ಸರಿಯಿದೆ. ಹರಿಕಥೆ ಕೇಳುವವರಂತೆ ತಲೆದೂಗುತ್ತಲೇ ಇದ್ದರೆ ಅದರ ಕಥೆ ಮುಗಿದಿದೆ. ನಿಂತಿತು. ಜಾಕ್ ಕೊಟ್ಟು ಚಕ್ರವನ್ನು ಗಡಿಯಾರದ 12 ಮತ್ತು 6ರಲ್ಲಿ ಹಿಡಿದು ಅಲ್ಲಾಡಿಸಿದರು: ಬಾಲ್ ಜಾಯಿಂಟ್ ಗಟ್ಟಿ. 9 ಮತ್ತು 3ರಲ್ಲಿ ಹಿಡಿದರು: ಟೈ ರಾಡ್ ಗಟ್ಟಿ. ಕೊನೆಗೆ ಕಬ್ಬಿಣದ ರಾಡಿನಿಂದ ಸ್ಟೆಬಿಲೈಸರ್ ಬಾರನ್ನು ಮೀಟಿದಾಗ ‘ಟಕ್’ ಎಂದಿತು. ಬುಷ್ಷಿನ ರಬ್ಬರು ಒಣಗಿದ ಹಲಸಿನ ತೊಳೆಯಂತೆ ಬಿರುಕು ಬಿಟ್ಟಿತ್ತು.

1983ರಲ್ಲಿ ಬಂದು 2014ರಲ್ಲಿ ತಯಾರಿಕೆ ನಿಂತ ಕಾರಾದರೂ ಬುಷ್ಷುಗಳು ಚಿಕ್ಕಬಳ್ಳಾಪುರದಲ್ಲಿ ಸಿಕ್ಕವು. ಜಾಕ್ ಜಾರೀತೆಂದು ಕಾರಿನಡಿ ಸ್ಟೆಪ್ನಿ ಮಲಗಿಸಿ, ಅದರ ಪಕ್ಕ ತಾವು ಮಲಗಿದರು. ಬುಷ್ ಹಾಕಿದ ಮೇಲೂ ನಟ್ಟುಗಳನ್ನು ಪೂರ್ತಿ ಬಿಗಿಯಲಿಲ್ಲ. ಕಾರನ್ನು ಕೆಳಗಿಳಿಸಿ, ನಾಲ್ಕು ಚಕ್ರದ ಮೇಲೆ ಭಾರ ಬಿದ್ದ ಬಳಿಕವೇ ಕೊನೆಯ ಸುತ್ತು ತಿರುಗಿಸಿದರು. ನೇತಾಡುವಾಗಲೇ ಬಿಗಿದರೆ ರಬ್ಬರು ತಿರುಚಿಕೊಂಡೇ ಬಾಳಬೇಕಾಗುತ್ತದೆ, ಬೇಗ ಹರಿಯುತ್ತದೆ. ಅವಸರದ ಕೈಗೆ ಇಷ್ಟು ತಾಳ್ಮೆ ಬರುವುದಿಲ್ಲ.

ಸದ್ದು ಹೋಯಿತು. ಅಂದು ಸಂಜೆ ಬೀದಿಯವರನ್ನೆಲ್ಲ ಸರದಿಯಲ್ಲಿ ಕೂರಿಸಿಕೊಂಡು ಸುತ್ತಿದರು.

‘ಕೇಳಿಸ್ತಾ?’

‘ಏನೂ ಕೇಳಿಸ್ಲಿಲ್ವಲ್ಲ ಸಾರ್.’

‘ಅದೇ! ಇನ್ನೊಂದ್ಸಲ ಕೇಳಿ.’

ಕಷ್ಟ ಬಂದದ್ದು ಮಕ್ಕಳಿಗೆ. ಇಷ್ಟು ದಿನ ಕಾರು ಬೀದಿಯ ಮೂಲೆಯಲ್ಲಿ ಟಕ್ ಎಂದೊಡನೆ ಮೊಬೈಲು ಜೇಬಿಗೆ ಹೋಗಿ ಪುಸ್ತಕ ತೊಡೆಗೆ ಬರುತ್ತಿತ್ತು. ಸೋಮವಾರ ಕಾರು ಬೆಕ್ಕಿನಂತೆ ಬಂದು ನಿಂತಿತು. ಆರೂ ಜನ ಆಟದ ಮಧ್ಯೆ ಸಿಕ್ಕಿಬಿದ್ದರು. ತಲಾ ನಲವತ್ತು ಲೆಕ್ಕ.

ಮಂಗಳವಾರ ಮೇಷ್ಟ್ರು ಸೀಮೆಸುಣ್ಣ ಎತ್ತಿದೊಡನೆ ಡಿಕ್ಕಿಯ ಹುಡುಗ ವಿನಯದಿಂದ ಎದ್ದು ನಿಂತ.

‘ಸಾರ್, ಈಗ ಬಂದ್ರಲ್ಲ... ಬಲಗಡೆ ಏನೋ ಸಣ್ಣಗೆ ಟಕ್ ಅಂದಂಗಾಯ್ತು.’

ಸೀಮೆಸುಣ್ಣ ಕೆಳಗೆ ಬಿತ್ತು. ಈಗ ಕಾರಿನಡಿಯಿಂದ ಎರಡು ಕಾಲು ಆಚೆ ಬಂದಿವೆ. ಒಳಗಿನಿಂದ ‘ಒತ್ತು, ಬಿಡು!’ ಎಂಬ ಅಪ್ಪಣೆ ಕೇಳುತ್ತಿದೆ. ಹುಡುಗ ಎಡಗೈಯಲ್ಲಿ ಬಾನೆಟ್ಟು ಒತ್ತಿ ಬಿಡುತ್ತಿದ್ದಾನೆ. ಬಲಗೈಯಲ್ಲಿ ಮೊಬೈಲಿನ ಆಟ ನಡೆದಿದೆ.