ಟೆಸ್ಟರ್ ರಾಯರು

ಪ್ರತಿ ಅಪಾರ್ಟ್‌ಮೆಂಟಿನಲ್ಲೂ ಒಬ್ಬ ರಾಯರು ಇದ್ದೇ ಇರುತ್ತಾರೆ. ನಿವೃತ್ತರು, ಹೆಗಲಿಗೆ ಟವೆಲ್ಲು, ಜೇಬಿನಲ್ಲಿ ಟೆಸ್ಟರು. ಯಾರ ಮನೆಯಲ್ಲಿ ಏನು ಕೆಟ್ಟರೂ ಮೆಕ್ಯಾನಿಕ್ಕಿಗಿಂತ ಮೊದಲು ಅವರೇ ಹಾಜರು.

“ಫ್ಯಾನು ಎರಡರಲ್ಲಿಟ್ಟು ಕರೆಂಟ್ ಉಳಿಸ್ತೀಯೇನಮ್ಮಾ? ಬಿಡಿಗಾಸೂ ಉಳಿಯೋದಿಲ್ಲ!”

ತಮಾಷೆಯೆಂದರೆ, ಅವರು ಕಲಿತ ಕಾಲಕ್ಕೆ ಇದು ಹೆಚ್ಚುಕಡಿಮೆ ನಿಜವೇ. ಗೋಡೆಯ ಮೇಲೆ ದಪ್ಪಗೆ ಕೂತಿರುತ್ತಿದ್ದ ಹಳೆಯ ರೆಗ್ಯುಲೇಟರಿನೊಳಗೆ ತಂತಿಯ ಸುರುಳಿ ಇರುತ್ತಿತ್ತು. ವೇಗ ಇಳಿಸಿದರೆ ಫ್ಯಾನಿಗೆ ತಪ್ಪಿದ ಕರೆಂಟಿನಲ್ಲಿ ದೊಡ್ಡ ಪಾಲು ಅಲ್ಲೇ ಬಿಸಿಯಾಗಿ ಹೋಗುತ್ತಿತ್ತು. ಡಬ್ಬ ಮುಟ್ಟಿದರೆ ಕೈಗೆ ಬೆಚ್ಚಗೆ. ಈಗಿನ ಎಲೆಕ್ಟ್ರಾನಿಕ್ ರೆಗ್ಯುಲೇಟರಿನಲ್ಲಿ ಆ ನಷ್ಟ ತೀರಾ ಕಡಿಮೆ. ಡಬ್ಬ ಗೋಡೆಯಿಂದ ಇಳಿಯಿತು, ರಾಯರ ತಲೆಯಿಂದ ಇಳಿಯಲಿಲ್ಲ.

ಹೊಸ ಮೊಬೈಲ್ ತಂದ ಹುಡುಗರಿಗೂ ಬಿಡುವುದಿಲ್ಲ: “ಮೊದಲು ಎಂಟು ಗಂಟೆ ಚಾರ್ಜಿಗೆ ಹಾಕು. ಆಮೇಲೆ ಪೂರ್ತಿ ಖಾಲಿಯಾಗೋವರೆಗೆ ಪ್ಲಗ್ಗಿನ ಹತ್ತಿರ ಸುಳೀಬೇಡ.” ಇದು ನಿಕ್ಕಲ್ ಬ್ಯಾಟರಿಗಳ ಕಾಲದ ಪಥ್ಯ. ಈಗಿನ ಲಿಥಿಯಂ ಬ್ಯಾಟರಿಗೆ ಪದೇಪದೇ ಪೂರ್ತಿ ಬರಿದಾಗುವುದೇ ಆಗದು.

ಎಲ್ಲವೂ ಹಳೆಯ ನಿಜವೇನಲ್ಲ, ಕೆಲವು ಅಪ್ಪಟ ವಾಟ್ಸಾಪ್ ಮಾಲು. 2016ರಲ್ಲಿ ಎರಡು ಸಾವಿರದ ನೋಟು ಬಂದಾಗ ಅದರೊಳಗೆ ನ್ಯಾನೋ ಚಿಪ್ ಇದೆಯೆಂದು, ನೆಲದಡಿ ಹೂತರೂ ಉಪಗ್ರಹಕ್ಕೆ ಕಾಣುತ್ತದೆಯೆಂದು ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಹೇಳಿದ್ದರು. 2023ರಲ್ಲಿ ರಿಸರ್ವ್ ಬ್ಯಾಂಕು ಆ ನೋಟನ್ನು ಹಿಂತೆಗೆದುಕೊಳ್ಳತೊಡಗಿದಾಗ ಅವರಿಗೇನೂ ಮುಜುಗರವಾಗಲಿಲ್ಲ. “ಚಿಪ್ಪಿನ ಕೆಲಸ ಮುಗೀತು, ಅದಕ್ಕೇ!”

ಅವರ ಮನೆಯ ಎ.ಸಿ. ಸದಾ 16ರಲ್ಲಿ. ಬೇಗ ತಂಪಾಗಲಿ ಎಂದು. ಸಾದಾ ಕಂಪ್ರೆಸರಿಗೆ 16 ಆದರೇನು, 24 ಆದರೇನು, ಓಡುವುದು ಒಂದೇ ವೇಗ; ಅಂಕಿ ಹೇಳುವುದು ಎಲ್ಲಿ ನಿಲ್ಲಬೇಕೆಂದಷ್ಟೇ. 2020ರಿಂದ ಸ್ಟಾರ್ ಲೇಬಲ್ಲಿನ ಎ.ಸಿ.ಗಳು ಕಾರ್ಖಾನೆಯಲ್ಲೇ 24ಕ್ಕೆ ಹೊಂದಿಸಿಕೊಂಡು ಬರುತ್ತವೆ. ಅದು ಕಂಪನಿಯವರ ಸಂಚೆಂದೇ ರಾಯರ ತೀರ್ಮಾನ.

ಮೊನ್ನೆ ಸರ್ವಿಸಿಗೆ ಬಂದ ಹುಡುಗನಿಗೂ ಇಷ್ಟೆಲ್ಲ ಪಾಠವಾಯಿತು. ಅವನು ತಲೆಯಾಡಿಸುತ್ತಲೇ ಫಿಲ್ಟರ್ ತೊಳೆದ. ಕೊನೆಗೆ, “ಗ್ಯಾಸೂ ತುಂಬಿಸ್ಬೇಕು ಸಾರ್,” ಎಂದ. ಮುಚ್ಚಿದ ಪೈಪಿನೊಳಗೇ ಸುತ್ತುವ ಆ ಗ್ಯಾಸು ಎಲ್ಲೂ ಸೋರದಿದ್ದರೆ ಮುಗಿಯುವುದೇ ಇಲ್ಲ.

“ಮತ್ತೆ? ವರ್ಷವೆಲ್ಲಾ ಉರಿದ್ರೆ ಖರ್ಚಾಗದೇ ಇರುತ್ತೇನಯ್ಯಾ!” ಎಂದು ರಾಯರೇ ಅವನಿಗೆ ವಿವರಿಸಿ, ಪರ್ಸು ತೆಗೆದರು.