ಡೇಟಾ ಬೇಕು, ಗಣಿತ ಬೇಡ

ಒಂದು ಕಾಲೇಜಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ವಿಭಾಗಕ್ಕೆ ಬೀಗ ಬಿತ್ತು. ಹುಡುಗರು ಬರುತ್ತಿಲ್ಲವಂತೆ. ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಡೇಟಾ ಸೈನ್ಸ್ ಶುರುವಾಯಿತು. ಟೇಪು ಕತ್ತರಿಸಲು ಶಾಸಕರು ಬಂದರು. ಡೇಟಾ ಸೈನ್ಸಿನ ಬೇರೇ ಸ್ಟ್ಯಾಟಿಸ್ಟಿಕ್ಸ್ ಎಂದು ಅವರಿಗೆ ಯಾರೂ ಹೇಳಲಿಲ್ಲ. ಹೇಳಬಲ್ಲ ಮೇಷ್ಟ್ರಿಗೆ ಅಷ್ಟರಲ್ಲಿ ವರ್ಗವಾಗಿತ್ತು.

ಗಣಿತದ ಕಥೆ ಇದಕ್ಕಿಂತ ಮೇಲೇನಲ್ಲ. ಬಿಎಸ್ಸಿ ಕೊನೆಯ ವರ್ಷದ ಹುಡುಗನನ್ನು ನಿಲ್ಲಿಸಿ ಲಗ್ರಾಂಜ್ ಪ್ರಮೇಯ ಕೇಳಿ. ಸಬ್‌ಗ್ರೂಪಿನ ಸದಸ್ಯರ ಸಂಖ್ಯೆ ಗ್ರೂಪಿನ ಸದಸ್ಯರ ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುತ್ತದೆ ಎಂದು ಒಂದೇ ಉಸಿರಿಗೆ ಒಪ್ಪಿಸುತ್ತಾನೆ. ಪ್ರೂಫು ಒಂದೂವರೆ ಪುಟ, ಅಲ್ಪವಿರಾಮವೂ ತಪ್ಪದು. ಸರಿ ಮಾರಾಯ, ಆರು ಜನರ ಗ್ರೂಪಿನಲ್ಲಿ ನಾಲ್ಕು ಜನರ ಸಬ್‌ಗ್ರೂಪ್ ಇರಬಹುದೇ? ಹುಡುಗ ಸೂರು ನೋಡುತ್ತಾನೆ. ‘ಅದು ಇಂಪಾರ್ಟೆಂಟ್ ಕ್ವೆಶ್ಚನ್ಸಲ್ಲಿ ಇಲ್ಲ ಸಾರ್.’

ಅವನನ್ನು ಬೈದು ಫಲವಿಲ್ಲ. ಸ್ಟೇಟ್‌ಮೆಂಟಿಗೆ ಇಷ್ಟು ಮಾರ್ಕು, ಪ್ರೂಫಿಗೆ ಇಷ್ಟು. ಯೋಚನೆಗೆ ಸೊನ್ನೆ. ಪ್ರಶ್ನೆಪತ್ರಿಕೆಯಲ್ಲಿ ಎಪ್ಸಿಲಾನ್ ಜಾಗಕ್ಕೆ ಬೇರೆ ಅಕ್ಷರ ಬಂದರೆ ‘ಔಟ್ ಆಫ್ ಸಿಲೆಬಸ್’ ಎಂದು ಗೇಟಿನ ಮುಂದೆ ಧರಣಿ. ಧರಣಿಗೆ ಗ್ರೇಸ್ ಮಾರ್ಕು.

ಸ್ಟ್ಯಾಟಿಸ್ಟಿಕ್ಸ್ ಪ್ರಾಕ್ಟಿಕಲ್ ಇನ್ನೂ ಚೆಂದ. ಕ್ಯಾಲ್ಕುಲೇಟರ್ ಒತ್ತಿ ಹತ್ತು ಸಂಖ್ಯೆಗಳ ಸ್ಟ್ಯಾಂಡರ್ಡ್ ಡೀವಿಯೇಶನ್ ತೆಗೆಯಬೇಕು. ಸೀನಿಯರ್ ರೆಕಾರ್ಡಿನಲ್ಲಿದ್ದ ಅವೇ ಹತ್ತು ಸಂಖ್ಯೆ, ಅದೇ ಭತ್ತದ ಇಳುವರಿ. ಆರ್ ಎಂಬ ತಂತ್ರಾಂಶ ಪುಕ್ಕಟೆ ಸಿಗುತ್ತದೆ, ಜಗತ್ತೇ ಬಳಸುತ್ತದೆ. ನಮ್ಮ ಲ್ಯಾಬಿನಲ್ಲಿ ಕಂಪ್ಯೂಟರಿಗೆ ಧೂಳಿನ ಹೊದಿಕೆ. ಕೆಂಪು ಗೆರೆ ಎಳೆದ ಮಾರ್ಜಿನ್ನಿಗೆ ಮಾತ್ರ ಪೂರ್ತಿ ಅಂಕ.

ಕಲಿಸುವವರು ಯಾರು? ಅತಿಥಿ ಉಪನ್ಯಾಸಕರು. ವರ್ಷಗಟ್ಟಲೆ ಮನೆಯಲ್ಲೇ ಇದ್ದು, ಎಲ್ಲ ಕೆಲಸ ಮಾಡಿ, ಊಟದ ಹೊತ್ತಿಗೆ ಪಂಕ್ತಿಯಿಂದ ಎಬ್ಬಿಸಿಕೊಳ್ಳುವ ಅತಿಥಿಗಳು.

ಶಿಕ್ಷಣ ನೀತಿಯ ಮಾತಂತೂ ಕೇಳಬೇಡಿ. 2021ರಲ್ಲಿ ದೇಶಕ್ಕೇ ಮೊದಲು ನಾವು ಎಂದು ಎದೆ ತಟ್ಟಿಕೊಂಡು ನಾಲ್ಕು ವರ್ಷದ ಆನರ್ಸ್ ತಂದರು. ನಾಲ್ಕನೇ ವರ್ಷ ಆಳವಾದ ಓದು, ಸಂಶೋಧನೆ ಎಂದರು. ಸರ್ಕಾರ ಬದಲಾಯಿತು. 2024ರಲ್ಲಿ ಮತ್ತೆ ಮೂರೇ ವರ್ಷ. ತಂದವರೂ ಗಣಿತ ಮೇಷ್ಟ್ರನ್ನು ಕೇಳಲಿಲ್ಲ, ತೆಗೆದವರೂ ಕೇಳಲಿಲ್ಲ. ಈ ಒಂದು ವಿಷಯದಲ್ಲಿ ಪಕ್ಷಭೇದವಿಲ್ಲ.

ಡಿಸೆಂಬರ್ 22 ಬಂದರೆ ಮಾತ್ರ ಎಲ್ಲರಿಗೂ ಗಣಿತದ ಮೇಲೆ ಪ್ರೀತಿ ಉಕ್ಕುತ್ತದೆ. ಅಂದು ಹುಟ್ಟಿದ ರಾಮಾನುಜನ್ ಫೋಟೋಗೆ ಹಾರ, ಗಣಿತ ರಂಗೋಲಿ ಸ್ಪರ್ಧೆ. ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ನಮ್ಮವನು ಎಂದು ಭಾಷಣ. ಭಾಷಣಕಾರರ ಮಗ ಎಂಜಿನಿಯರಿಂಗು.

ಸ್ಟ್ಯಾಟಿಸ್ಟಿಕ್ಸಿನ ದಿಗ್ಗಜ ಸಿ.ಆರ್. ರಾವ್ ಅವರೂ ‘ನಮ್ಮವರೇ’. 1920ರಲ್ಲಿ ಹೂವಿನಹಡಗಲಿಯಲ್ಲಿ ಹುಟ್ಟಿದರು. ನಾವು ಕೊಟ್ಟದ್ದು ಅಷ್ಟೇ. ಓದಿಸಿದ್ದು ಆಂಧ್ರ ವಿಶ್ವವಿದ್ಯಾಲಯ, ಬೆಳೆಸಿದ್ದು ಕಲ್ಕತ್ತ. ಅಲ್ಲಿ ಪಾಠ ಮಾಡುತ್ತಿದ್ದಾಗ ವಿದ್ಯಾರ್ಥಿಯೊಬ್ಬ ಕೇಳಿದ ಪ್ರಶ್ನೆಗೆ ಉತ್ತರ ಹುಡುಕಲು ಕೂತರು. ಆ ಉತ್ತರವೇ ಇಂದು, ಅಂದಾಜಿನ ನಿಖರತೆಗೆ ಎಲ್ಲೆ ಹಾಕುವ ಕ್ರಾಮರ್-ರಾವ್ ಮಿತಿ. 1945ರ ಪ್ರಬಂಧದಲ್ಲಿ ಅಚ್ಚಾಯಿತು. ಆಗ ಅವರಿಗೆ ಇನ್ನೂ ಇಪ್ಪತ್ತೈದರ ಆಸುಪಾಸು. 2023ರಲ್ಲಿ, 102ನೇ ವಯಸ್ಸಿನಲ್ಲಿ, ಸ್ಟ್ಯಾಟಿಸ್ಟಿಕ್ಸಿನ ಅಂತರರಾಷ್ಟ್ರೀಯ ಪ್ರಶಸ್ತಿ ಬಂತು. ಅದೇ ವರ್ಷದ ಆಗಸ್ಟಿನಲ್ಲಿ ತೀರಿಕೊಂಡರು. ನಾವು ಸ್ಟೇಟಸ್ ಹಾಕಿಕೊಂಡೆವು. ಅಂಥ ಪ್ರಶ್ನೆಯನ್ನು ಇವತ್ತು ನಮ್ಮ ತರಗತಿಯಲ್ಲಿ ಕೇಳಿದವನಿಗೆ ‘ಪೋರ್ಷನ್ ಮುಗಿಸಬೇಕು, ಕೂತ್ಕೊ’ ಎಂಬ ಉತ್ತರ ಸಿದ್ಧವಿದೆ.

ಬೆಂಗಳೂರಿನ ಮೈಸೂರು ರಸ್ತೆಯಲ್ಲೇ ಭಾರತೀಯ ಸಾಂಖ್ಯಿಕ ಸಂಸ್ಥೆಯ ಕೇಂದ್ರವಿದೆ. ಗಣಿತವನ್ನೇ ಪದವಿಯಾಗಿ ಕಲಿಸುವ ಬಿ.ಮ್ಯಾಥ್ ಅಲ್ಲಿ 2000ದಿಂದ ನಡೆಯುತ್ತಿದೆ. ಎಷ್ಟು ಪಿಯು ಕಾಲೇಜುಗಳು ಇದನ್ನು ಮಕ್ಕಳಿಗೆ ಹೇಳಿವೆ? ಅವುಗಳ ಫ್ಲೆಕ್ಸಿನಲ್ಲಿ ನೀಟ್ ಮತ್ತು ಸಿಇಟಿ ರ‍್ಯಾಂಕಿನ ಮುಖಗಳಿಗೇ ಜಾಗ ಸಾಲದು.

ಜೂನ್ ಬಂದರೆ ಮತ್ತೆ ಪ್ರವೇಶದ ಸಾಲು. ಮಕ್ಕಳನ್ನು ಬಿಎಸ್ಸಿಗೆ ಸೇರಿಸುವವರು ಪ್ಲೇಸ್‌ಮೆಂಟ್ ಎಷ್ಟು ಎಂದು ಆಮೇಲೆ ವಿಚಾರಿಸಿ. ಗಣಿತ ವಿಭಾಗದಲ್ಲಿ ಕಾಯಂ ಮೇಷ್ಟ್ರು ಎಷ್ಟು ಜನ ಇದ್ದಾರೆಂದು ಮೊದಲು ಕೇಳಿ. ಉತ್ತರ ಬರುವ ತನಕ ಫೀಸು ಕಟ್ಟಬೇಡಿ.