ಅಮೇಜಿಂಗ್ ರೇಸು ಎಚ್.ಡಿ. ಪುರಕ್ಕೆ ಬಂದರೆ

ಅಮೆರಿಕದ ಸಿಬಿಎಸ್ ವಾಹಿನಿಯವರು 2001ರ ಸೆಪ್ಟೆಂಬರ್‌ನಿಂದ ‘ದಿ ಅಮೇಜಿಂಗ್ ರೇಸ್’ ಅಂತ ಒಂದು ಓಟ ಓಡಿಸುತ್ತಿದ್ದಾರೆ. ಇಬ್ಬಿಬ್ಬರ ಜೋಡಿ, ಬೆನ್ನಿಗೊಂದು ಚೀಲ, ಎಣಿಸಿ ಕೊಟ್ಟ ದುಡ್ಡು. ದೇಶದಿಂದ ದೇಶಕ್ಕೆ ಓಡುತ್ತಿರಬೇಕು. ಪ್ರತಿ ಹಂತದ ತುದಿಯಲ್ಲಿ ಫಿಲ್ ಕೀಗನ್ ಎಂಬ ನಿರೂಪಕ ಕಾದು ನಿಂತಿರುತ್ತಾನೆ. ಕೊನೆಗೆ ಬಂದವರಿಗೆ ಬಹುಪಾಲು ಮನೆ ದಾರಿ. ಪೂರ್ತಿ ಗೆದ್ದವರಿಗೆ ಹತ್ತು ಲಕ್ಷ ಡಾಲರು.

ಮೊದಲ ಸೀಸನ್ನಿನಲ್ಲಿ ಹೊರಟ 11 ಜೋಡಿಗಳಲ್ಲಿ ಉಳಿದವರು ಭಾರತಕ್ಕೂ ಬಂದಿದ್ದರು. ತಾಜಮಹಲು ನೋಡಿ, ರಾಜಸ್ಥಾನದ ದೇಶ್ನೋಕಿನಲ್ಲಿ ಇಲಿಗಳೇ ತುಂಬಿದ ಕರ್ಣಿಮಾತೆ ಗುಡಿಯನ್ನೂ ಹೊಕ್ಕರು. ಅಷ್ಟೆಲ್ಲ ದಕ್ಕಿಸಿಕೊಂಡವರಿಗೆ ನಮ್ಮ ಎಚ್.ಡಿ. ಪುರ, ಅಂದರೆ ಹೊರಕೆರೆದೇವಪುರ, ಯಾವ ಲೆಕ್ಕ ಅನ್ನಬೇಡಿ.

ಒಂದು ಹಂತ ಇಲ್ಲಿಗೇ ಇಟ್ಟರು ಅನ್ನಿ, ಅದೂ ನವೆಂಬರಿನಲ್ಲಿ. ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ರೈಲಿಳಿದ ಕೂಡಲೇ ಶುರು ಫಜೀತಿ. ಆ ಆಟದಲ್ಲಿ ಸುಳಿವಿನ ಲಕೋಟೆ ಎಲ್ಲಿದೆ ಅಂತ ತೋರಿಸುವುದು ಹಳದಿ-ಕೆಂಪು ಬಾವುಟ. ರಾಜ್ಯೋತ್ಸವದ ತಿಂಗಳಲ್ಲಿ ನಮ್ಮಲ್ಲಿ ಹಳದಿ-ಕೆಂಪು ಇಲ್ಲದ ಸರ್ಕಲ್ ಯಾವುದು, ಆಟೋ ಯಾವುದು? ಪಾಪ, ಹೊಳಲ್ಕೆರೆ ಮುಟ್ಟುವಷ್ಟರಲ್ಲಿ ಧ್ವಜದ ಕಂಬವನ್ನೆಲ್ಲ ತಡಕಿರುತ್ತಾರೆ. ಸೂರಿಲ್ಲದೆ ಕೂತ ಬಯಲು ಗಣಪತಿಯ ಹತ್ತಿರ, ಇಲಿಗಳನ್ನಾಯಿತು ಇಲಿಯ ಯಜಮಾನನನ್ನೂ ನೋಡೋಣ ಅಂತ ನಿಂತರೆ ಇನ್ನರ್ಧ ಗಂಟೆ ಹೋಯಿತು.

ಅಸಲಿ ಗಂಡಾಂತರ ಮುಂದಿದೆ. ಆಟಕ್ಕೆ ಸ್ವಂತ ಮೊಬೈಲು ಒಯ್ಯುವಂತಿಲ್ಲ. ದಾರಿಯನ್ನು ಬಾಯಿಬಿಟ್ಟೇ ಕೇಳಬೇಕು. ಈ ಓಟ ಇಷ್ಟು ವರ್ಷ ನಡೆದಿರುವುದು, ಕೇಳಿದಷ್ಟಕ್ಕೆ ಉತ್ತರ ಹೇಳಿ ಸುಮ್ಮನಾಗುವ ಜನರ ಪುಣ್ಯದಿಂದ. ನಮ್ಮ ಅರಳಿಕಟ್ಟೆಯಲ್ಲಿ ಪ್ರಶ್ನೆ ಕೇಳುವ ಹಕ್ಕು ಕೂತವರದ್ದು.

“ನರಸಿಂಹಸ್ವಾಮಿ ಗುಡಿ ಎಲ್ಲಿ?”

“ಯಾವೂರಪ್ಪ ನಿಮ್ದು?”

“ಅಮೆರಿಕ.”

“ಅಮೆರಿಕದಾಗೆ ಎಲ್ಲಿ? ನಮ್ಮ ಷಡ್ಡಕನ ಮಗ ಅಲ್ಲೇ ಅವ್ನೆ, ಕಂಡಿದೀರಾ? ಈಯಮ್ಮ ನಿಮ್ಗೇನಾಗ್ಬೇಕು? ಮದ್ವೆ ಆಗೈತಾ?”

ಗುಡಿ ಎಷ್ಟು ದೂರ ಅಂದರೆ, “ಇಲ್ಲೇ, ಒಂದು ಬೀಡಿ ಸೇದೋ ಹೊತ್ತು.” ಬೀಡಿ ಯಾರದ್ದು, ಸೇದುವವರು ಯಾರು ಅನ್ನುವುದರ ಮೇಲೆ ದೂರ ನಿಂತಿದೆ. ಮೂವರನ್ನು ಕೇಳಿದರೆ ಮೂರು ದಾರಿ. ಯಾವುದೂ ಸುಳ್ಳಲ್ಲ, ಒಬ್ಬನದು ಹೊಲದ ಮೇಲಿನದು, ಒಬ್ಬನದು ಬಸ್ಸಿನದು, ಇನ್ನೊಬ್ಬನದು ಅವನ ಮನೆ ಮುಂದೆ ಹಾಯುವಂಥದ್ದು. ಆ ಮೂರನೆಯದನ್ನು ಹಿಡಿದವರ ಕಥೆ ಮುಗಿಯಿತು. ಕಾಫಿ ಕುಡಿಯದೆ ಬಿಡುವುದಿಲ್ಲ. ಅಡಿಕೆ ಸುಲಿಯುವ ಹೆಂಗಸರ ಸಾಲಿನಲ್ಲಿ ಕೂತು ನಾಲ್ಕು ಕಾಯಿ ಸುಲಿಯುವುದು ಆ ದಿನದ ಪಂಥವಾಗಿದ್ದರಂತೂ, ಮಾತು ನಿಲ್ಲಿಸದೆ, ಕತ್ತಿ ನೋಡದೆ ಸುಲಿಯುವವರ ಪಕ್ಕದಲ್ಲಿ ಇವರು ಬೆರಳು ಬಾಯಲ್ಲಿಟ್ಟುಕೊಂಡು ಕೂರಬೇಕು.

ಕೊನೆಗೂ ಗುಡಿಯ ಮುಂದೆ ಏದುಸಿರು ಬಿಡುತ್ತ ಬಂದ ಕಟ್ಟಕಡೆಯ ಜೋಡಿಗೆ ಕೀಗನ್, “ಈ ಹಂತದಲ್ಲಿ ಯಾರನ್ನೂ ತೆಗೆಯುವುದಿಲ್ಲ, ಆಟದಲ್ಲಿ ಉಳಿದಿದ್ದೀರಿ” ಅನ್ನುತ್ತಾನೆ. ಆ ಆಟದಲ್ಲಿ ಹಾಗೂ ಒಂದು ಉಂಟು. ಅವರು ಕುಣಿದಾಡುವಷ್ಟರಲ್ಲಿ ಹಿಂದಿನಿಂದ ಅಜ್ಜನೊಬ್ಬನ ದನಿ:

“ಆಟದಾಗೆ ಉಳಿಯೋದು ಆಮೇಲೆ. ಇವತ್ತು ಊರಾಗೆ ಉಳ್ಕಳ್ಳಿ. ಕೊನೇ ಬಸ್ಸು ಹೋತು.”